ಭಾವನ ಕಾರಿಗೆ ಇನ್ನಷ್ಟು ಕುದುರೆಗಳು

ನಮ್ಮ ಭಾವನ ಸ್ಪೋರ್ಟ್ಸ್ ಕಾರನ್ನು ಒಂದು ಸೈಕಲ್ಲು ಹಿಂದೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೀವು ನಂಬದಿದ್ದರೂ ಚಿಂತೆಯಿಲ್ಲ, ಆ ಸೈಕಲ್ ಸವಾರನೂ ನಂಬಿರಲಿಲ್ಲ. ಮನೂರಿನ ಹತ್ತಿರ ರಸ್ತೆಯ ಉಬ್ಬೊಂದನ್ನು ಏರುವಾಗ ನಮ್ಮನ್ನು ದಾಟಿ ಹೋದವನು ಕಾಲೂರಿ ನಿಂತು, ತಿರುಗಿ ನೋಡಿ, "ಗಾಡಿ ಬಂದ್ ಬಿದ್ದದೇನ್ರಿ? ನೂಕಲೇನು?" ಎಂದು ಕೇಳಿದ. ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇಲ್ಲಪಾ, ನಡದದ" ಎಂದು ಶಾಂತವಾಗಿ ಉತ್ತರಿಸಿದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಮಾಡುವ ಅವರದೊಂದು ಕಾರ್ಖಾನೆ ಇದೆ. ಆ ಊರಿನಲ್ಲಿ ಮರದ ಎಲೆಯಿಂದ ಮನುಷ್ಯರ ಹುಬ್ಬಿನವರೆಗೆ ಎಲ್ಲದರ ಮೇಲೂ ಕಲ್ಲಿನ ಧೂಳು ಕೂತಿರುತ್ತದೆ. ಅಂಥ ಬೂದಿ ಬಣ್ಣದ ಊರಿಗೆ ಭಾವ ಹೈದರಾಬಾದಿನಿಂದ ಒಂದು ಹಳದಿ ಕಾರು ತಂದರು, ಯಾರೋ ಓಡಿಸಿ ಬೇಸರಪಟ್ಟು ಮಾರಿದ್ದು. ಎರಡೇ ಬಾಗಿಲು. ಅದರಲ್ಲಿ ಕೂರುವುದು ಎನ್ನುವಂತಿಲ್ಲ, ಮಲಗುವುದು ಎನ್ನಬೇಕು. ಹಿಂದೆಯೂ ಒಂದು ಸೀಟು ಎಂಬುದಿದೆ. ಅದನ್ನು ಮಾಡಿದವರು ಮನುಷ್ಯನಿಗೆ ಮೊಳಕಾಲು ಇರುವುದನ್ನು ಮರೆತಿರಬೇಕು.

ನೆಲಕ್ಕೆ ಅಷ್ಟು ಹತ್ತಿರದ ಕಾರು ನಮ್ಮ ಕಡೆಯ ರಸ್ತೆಯ ಹಂಪುಗಳನ್ನು, ಆ ಉಬ್ಬುಗಳನ್ನು, ಹೇಗೆ ದಾಟಬೇಕು? ಭಾವ ಒಂದು ಉಪಾಯ ಕಂಡುಕೊಂಡಿದ್ದರು. ಉಬ್ಬು ಬಂದಾಗಲೆಲ್ಲ ಕಾರು ನಿಲ್ಲಿಸಿ, "ಇಳಿ" ಎನ್ನುತ್ತಿದ್ದರು. ಅಕ್ಕ ಇಳಿಯಬೇಕು, ಭಾರ ಕಡಿಮೆಯಾದ ಕಾರು ಮೆಲ್ಲಗೆ ದಾಟಬೇಕು, ಅಕ್ಕ ನಡೆದು ಬಂದು ಮತ್ತೆ ಹತ್ತಬೇಕು. ಬಶೀರಾಬಾದಿಗೆ ಒಂದು ಮದುವೆಗೆ ಹೋದಾಗ ಅಕ್ಕ ರೇಷ್ಮೆ ಸೀರೆಯಲ್ಲಿ ಎಷ್ಟು ಸಲ ಇಳಿದು ಹತ್ತಿದಳೆಂದರೆ, ದಾರಿಯಲ್ಲಿ ನೋಡಿದ ಮುದುಕಿಯೊಬ್ಬಳು, "ಯಾಕವ್ವಾ, ಗಂಡ ಹೆಂಡ್ತಿ ಜಗಳೇನು?" ಎಂದು ಕೇಳಿದಳಂತೆ. ಅಕ್ಕ, "ಇನ್ನಾ ಆಗಿಲ್ಲವ್ವಾ, ಮುಂದಿನ ಹಂಪಿಗಿ ಆಗ್ತದ" ಎಂದಳು.

ಗಂಟೆಗೆ ನಲವತ್ತು, ಇದು ಭಾವನ ವೇಗ. ರಸ್ತೆ ಖಾಲಿಯಿದ್ದರೂ ನಲವತ್ತು, ಮೋಡ ಕವಿದು ಬಂದರೂ ನಲವತ್ತು, ಮುಹೂರ್ತ ಮೀರಿ ಹೋಗುತ್ತಿದ್ದರೂ ನಲವತ್ತು. ಹಾಗೆಂದು ಅವರು ಹುಟ್ಟಾ ನಿಧಾನದ ಮನುಷ್ಯರೇನಲ್ಲ. ಅಕ್ಕನನ್ನು ನೋಡಲು ನಾರಾಯಣಖೇಡದ ನಮ್ಮ ಮನೆಗೆ ಮೋಟಾರ್ ಸೈಕಲ್ ಮೇಲೆ ಬಂದಾಗ, ಹುಡುಗ ಹೊರಟಿದ್ದಾನೆ ಎಂದು ಅವರ ಅಪ್ಪ ಫೋನ್ ಮಾಡಿ ಇಡುವಷ್ಟರಲ್ಲಿ ಇವರು ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಈಚೆಗೆ ಎರಡು ವರ್ಷಗಳಿಂದ ಮಾತ್ರ ಈ ಆಮೆಯ ನಡೆ. ನಗುವುದೂ ಕಡಿಮೆಯಾಗಿತ್ತು. ವಯಸ್ಸಾಯಿತು ಎಂದುಕೊಂಡೆವು.

ಅಂಥವರು ಒಂದು ದಿನ ನನಗೆ ಫೋನ್ ಮಾಡಿದರು. ನಾನು ನಾರಾಯಣಖೇಡದ ಕಾಲೇಜೊಂದರಲ್ಲಿ ಲೆಕ್ಕ ಕಲಿಸುವವನಾದ್ದರಿಂದ ಅವರಿಗೆ ನಾನು ಮಾಸ್ತರ್.

"ಮಾಸ್ತರ್ರ, ಗಾಡಿಗಿ ತಾಕತ್ ಕಮ್ಮಿ ಅನಸಾಕತ್ತದ. ಟರ್ಬೊ ಕೂಡಸಬೇಕಂತ ಮಾಡೀನಿ."

ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿ ಇನ್ನೊಮ್ಮೆ ಹೇಳಿಸಿಕೊಂಡೆ. ಎರಡನೇ ಕಿವಿಗೂ ಅದೇ ಕೇಳಿಸಿತು.

ಜಹೀರಾಬಾದಿನಲ್ಲಿ ಹೆದ್ದಾರಿಯ ಬದಿಗೆ ಒಬ್ಬ ಉಸ್ತಾದ್ ಗ್ಯಾರೇಜು ತೆರೆದಿದ್ದ. ದುಬೈಯಲ್ಲಿ ಶ್ರೀಮಂತರ ಕಾರುಗಳ ಶಕ್ತಿ ಹೆಚ್ಚಿಸುವ ಕೆಲಸ ಮಾಡಿ ಬಂದವನು. ಎಂಜಿನ್ನಿಗೆ ಟರ್ಬೊ ಕೂರಿಸಿ, ಅದರ ಕಂಪ್ಯೂಟರಿಗೆ ಹೊಸ ಪಾಠ ಹೇಳಿಕೊಟ್ಟು, ಸೈಲೆನ್ಸರ್ ಬದಲಿಸಿ, ಬ್ರೇಕು ಬಲಪಡಿಸಿ ಕೊಟ್ಟರೆ ಕಾರಿನ ಅಶ್ವಶಕ್ತಿಯ ಕುದುರೆಗಳು ಹತ್ತಿರ ಹತ್ತಿರ ಎರಡರಷ್ಟಾಗುತ್ತವೆ ಎಂದು ಹೇಳಿದ್ದನಂತೆ. ಖರ್ಚು ಕೇಳಬೇಡಿ. ಆ ದುಡ್ಡಿಗೆ ಸಂಸಾರಸ್ಥರು ಓಡಾಡುವಂಥ ಹೊಸ ಕಾರೇ ಬರುತ್ತಿತ್ತು.

"ಇದ್ದ ಕುದುರಿ ಲಾಯದಾಗ ನಿಂತು ನಿದ್ದಿ ಹೊಡ್ಯಾಕತ್ತಾವ. ಇನ್ನಷ್ಟು ತಂದು ಏನ್ ಮಾಡ್ತೀರಿ, ಭಾವಾರ?" ಎಂದೆ.

"ಅದ ವಿಚಾರ ಮಾಡಾಕತ್ತೀನಿ" ಎಂದರು.

ವಿಚಾರ ತಿಂಗಳುಗಟ್ಟಲೆ ನಡೆಯಿತು. ಸಿಕ್ಕವರನ್ನೆಲ್ಲ ಕೇಳಿದರು. ಹಲ್ಲಿನ ಡಾಕ್ಟರರನ್ನು ಬಾಯಿ ತೆರೆದುಕೊಂಡೇ ಕೇಳಿದರು. ಅವರು ನೋವು ಹೆಚ್ಚಾಯಿತೆಂದು ಇನ್ನೊಂದು ಇಂಜೆಕ್ಷನ್ ಕೊಟ್ಟರು. ಮನೆಗೆ ಪೂಜೆಗೆ ಬಂದ ಅಯ್ಯನವರನ್ನು, "ಟರ್ಬೊ ಹಾಕಿಸಬಹುದೇನ್ರಿ?" ಎಂದು ಕೇಳಿದರು. ಅಯ್ಯನವರು ವಿಭೂತಿ ಹಚ್ಚುತ್ತ, "ಮೊದಲ ನೀರು ಅದನೋ ಇಲ್ಲೋ ನೋಡಸ್ರಿ. ನೀರಿಲ್ಲಂದ್ರ ಯಾವ ಮೋಟರ್ ಇಳಿಸಿದ್ರೂ ದಂಡ" ಎಂದರು. ಬೋರ್‌ವೆಲ್ ಎಂದುಕೊಂಡಿದ್ದರು ಪಾಪ. ಆದರೆ ಭಾವ ಆ ಮಾತು ಕೇಳಿ ಎರಡು ದಿನ ಮಂಕಾಗಿ ಕೂತರಂತೆ.

ಅವರ ಸ್ವಭಾವದಲ್ಲೊಂದು ತಿರುವಿತ್ತು. ಬೇಡ ಎಂದವರಿಗೆ ಬೇಕೆನ್ನುವ ಕಾರಣ ಹೇಳುತ್ತಿದ್ದರು, ಬೇಕು ಎಂದವರಿಗೆ ಬೇಡವೆನ್ನುವ ಕಾರಣ ಹೇಳುತ್ತಿದ್ದರು. ಅದನ್ನು ಬಲ್ಲ ಅಕ್ಕ ಒಂದು ದಿನ, "ಮಾಡಿಸಿಬಿಡ್ರಿ, ಭಾಳ ಚಲೋ ಆಗ್ತದ" ಎಂದಳು, ಇಲ್ಲಿಗೆ ಪೀಡೆ ತೊಲಗಲಿ ಎಂದು. ಭಾವ ಅವಳನ್ನು ದಿಟ್ಟಿಸಿ ನೋಡಿ, "ನೀ ಹೂಂ ಅಂದಿ ಅಂದ್ರ ಇದರಾಗ ಏನೋ ಅದ" ಎಂದು ಮತ್ತೆ ಮೊದಲಿನಿಂದ ವಿಚಾರಕ್ಕೆ ಕೂತರು.

ಕೊನೆಗೆ ನನ್ನನ್ನು ಜತೆಗೆ ಕರೆದುಕೊಂಡು ಜಹೀರಾಬಾದಿಗೆ ಹೊರಟರು. ನಲವತ್ತರ ವೇಗದಲ್ಲಿ ಅದು ಪ್ರಯಾಣವಲ್ಲ, ವಾಸ. ತಲುಪಿದಾಗ ಉಸ್ತಾದ್ ಬೇರೊಬ್ಬ ಗಿರಾಕಿಗಾಗಿ ಸಿದ್ಧಪಡಿಸಿದ ಕಾರಿನ ಪಕ್ಕ ಹುಮ್ಮಸ್ಸಿನಿಂದ ನಿಂತಿದ್ದ.

"ಬಾಯಿಲೆ ಹೇಳಂಗಿಲ್ರಿ ಸೇಟ್‌ಜಿ. ಒಂದು ಚಕ್ಕರ್ ಹೋಗಿ ಬರೂಣು, ಆಮ್ಯಾಲ ನೀವ ಹೇಳ್ರಿ."

ಭಾವನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೆದ್ದಾರಿಗೆ ಇಳಿದ. ಕಾರು ಹೋಯಿತು ಎನ್ನುವುದಕ್ಕಿಂತ ಇದ್ದ ಕಾರು ಇಲ್ಲವಾಯಿತು ಎನ್ನಬೇಕು, ಸದ್ದು ಮಾತ್ರ ಉಳಿಯಿತು. ಸ್ವಲ್ಪ ಹೊತ್ತಿಗೆ ಮರಳಿ ಬಂದರು. ಭಾವನ ಕೂದಲು ಎದ್ದು ನಿಂತಿತ್ತು. ಕಣ್ಣು ಒದ್ದೆಯಾಗಿತ್ತು. ಗಾಳಿಗೆ ಇರಬೇಕು ಎಂದುಕೊಂಡೆ. ಕಾರಿನಿಂದಿಳಿದು ಸೀದಾ ಎದುರಿನ ಚಹಾ ಹೋಟೆಲಿಗೆ ನಡೆದರು.

ಚಹಾ ಬಂತು. ಭಾವ ತಮ್ಮ ಲೋಟಕ್ಕೆ ಕೈ ಚಾಚಿದಾಗ ಎಡಕ್ಕಿದ್ದ ನನ್ನ ಲೋಟಕ್ಕೆ ಮೊಳಕೈ ತಗುಲಿ ಅದು ಉರುಳಿ ಬಿತ್ತು. "ಅಷ್ಟು ಅಂಜಿದ್ರೇನು ಭಾವಾರ?" ಎಂದು ನಾನು ನಕ್ಕೆ.

"ಕಾಣಲಿಲ್ಲ" ಎಂದರು.

"ಅಂದ್ರ?"

"ಆ ಕಡಿಂದು ಕಾಣಂಗಿಲ್ಲ. ಈ ಕಡಿಂದೂ ಕಾಣಂಗಿಲ್ಲ. ನಡುವಿಂದು ಅಷ್ಟ ಕಾಣ್ತದ, ಪೈಪಿನ್ಯಾಗಿಂದ ನೋಡಿದಂಗ."

ಹೋಟೆಲಿನವನು ಬಂದು ಮೇಜು ಒರೆಸಿ ಹೋದ. ಭಾವ ಒಂದೊಂದೇ ಮಾತು ಹೇಳಿದರು. ಕಣ್ಣಿನ ನರ ಸೊರಗುತ್ತಿದೆಯಂತೆ. ಹೈದರಾಬಾದಿನ ಡಾಕ್ಟರರು ಹನಿ ಔಷಧ ಕೊಟ್ಟಿದ್ದಾರಂತೆ. ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದು ಎಷ್ಟು ಕಾಲ ಉಳಿದೀತು ಎಂದು ಹೇಳಲಾಗುವುದಿಲ್ಲ, ಕಾರು ಓಡಿಸುವುದನ್ನು ಬಿಡಬೇಕು ಎಂದಿದ್ದಾರಂತೆ. ಅಕ್ಕನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

"ಅದಕ್ಕ ನಲವತ್ತರಾಗ ಹೋಗ್ತೀನಿ" ಎಂದರು.

"ಹಂಗಾದ್ರ ಈ ಟರ್ಬೊ ಯಾಕ?"

"ಬಂದ್ ಮಾಡೂಕಿಂತ ಮೊದಲ ಒಂದು ಸಲ ಮನಸಾರೆ ಓಡಸಬೇಕಂತ ಆಸೆ. ಖಾಲಿ ರೋಡಿನ್ಯಾಗ. ಒಂದ ಸಲ. ಆದ್ರ ಒಂದ ಸಲಕ್ಕ ಅಷ್ಟು ರೊಕ್ಕ ಹಾಕೂದು ಬರೋಬರಿ ಅದನೋ ಇಲ್ಲೋ, ಅದ ತಿಳೀವಲ್ದು." ಸ್ವಲ್ಪ ಹೊತ್ತು ಹೆದ್ದಾರಿಯ ಕಡೆ ನೋಡಿದರು. "ಇನ್ನೊಂದು ಏನಂದ್ರ, ಮಾಸ್ತರ್ರ, ರೋಡು ಖಾಲಿ ಇರಂಗಿಲ್ಲ. ನನಗ ಖಾಲಿ ಕಾಣ್ತದ ಅಷ್ಟ."

ನಾನು ಕೈ ಚಾಚಿದೆ. ಭಾವ ಕಾರಿನ ಚಾವಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ವಾದ ಮಾಡಲಿಲ್ಲ. ಅವರು ವಾದ ಮಾಡಿದ್ದರೆ ಚೆನ್ನಾಗಿತ್ತು ಎನಿಸಿತು.

ತಾಂಡೂರಿಗೆ ಬಂದಾಗ ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಭಾವ ಬಾಗಿಲಲ್ಲಿ ನಿಂತು ಅವಳ ಬೆನ್ನಿಗೆ ಎಲ್ಲವನ್ನೂ ಹೇಳಿದರು. ರೊಟ್ಟಿಯ ಸಪ್ಪಳ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆಯಾಡುವವರೆಗೂ ಅವಳು ತಿರುಗಲಿಲ್ಲ.

"ಎರಡು ವರ್ಷ ಕಾಣದ ಕಣ್ಣಿಲೆ ನನ್ನ ಬಾಜೂಕ ಕೂಡಿಸಿಕೊಂಡು ಓಡ್ಯಾಡಿದ್ರಿ?"

"ನಲವತ್ತರಾಗ..."

"ನಲವತ್ತರಾಗ ಬಡದ್ರ ಮಂದಿ ಸಾಯಂಗಿಲ್ಲೇನ್ರಿ? ಅಡ್ಡ ಯಾರದಾರ ಕೂಸು ಬಂದಿದ್ರ?"

ಅಕ್ಕ ಸುಟ್ಟ ರೊಟ್ಟಿಯನ್ನು ತೆಗೆದು ಬದಿಗಿಟ್ಟು ಇನ್ನೊಂದು ಉಂಡೆ ಕೈಗೆತ್ತಿಕೊಂಡಳು. ಅದನ್ನು ಬಡಿಯಲು ಅವಳಿಂದ ಆಗಲಿಲ್ಲ. ಅಂದು ನಾವು ಮೂವರೂ ಬೆಳಗಿನ ಅನ್ನಕ್ಕೆ ಮಜ್ಜಿಗೆ ಕಲಸಿ ಉಂಡೆವು.

ಎಷ್ಟೋ ದಿನ ಅವಳು ಗಂಡನೊಡನೆ ಮಾತಾಡಲಿಲ್ಲವಂತೆ. ಹೊತ್ತಿಗೆ ಸರಿಯಾಗಿ ಬಂದು ಅವರ ಗದ್ದ ಎತ್ತಿ ಕಣ್ಣಿಗೆ ಹನಿ ಹಾಕುತ್ತಿದ್ದಳು, ಹೋಗುತ್ತಿದ್ದಳು. ಅದರಷ್ಟು ಕೋಪದ ಶುಶ್ರೂಷೆಯನ್ನು ಭಾವ ಬೇರೆಲ್ಲೂ ಕಂಡಿಲ್ಲವಂತೆ. ಆಮೇಲೊಂದು ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರ ಮುಂದೆ ನಿಂತಳು.

"ನನಗ ಗಾಡಿ ಕಲಸ್ರಿ."

ಕಾರ್ಖಾನೆಯ ಹಿಂದಿನ ಬಯಲಲ್ಲಿ ಪಾಠ ಶುರುವಾಯಿತು. ಒಂದು ರವಿವಾರ ನಾನೂ ಹೋಗಿ ನೋಡಿದೆ. ಭಾವ ಪಕ್ಕದಲ್ಲಿ ಕೂತು ರಸ್ತೆಯನ್ನು ನೋಡುತ್ತಿರಲಿಲ್ಲ, ತಲೆ ವಾಲಿಸಿ ಎಂಜಿನ್ನಿನ ಸದ್ದು ಕೇಳುತ್ತಿದ್ದರು. "ಈಗ ಗೇರ್ ಬದಲಸು. ಅದು ಅಳಾಕತ್ತದ, ಕೇಳಸವಲ್ದೇನು?" ಎನ್ನುತ್ತಿದ್ದರು. ಅಕ್ಕ, "ನನಗ ನನ್ನ ಎದಿ ಸಪ್ಪಳ ಬಿಟ್ರ ಏನೂ ಕೇಳಸವಲ್ದು" ಎನ್ನುತ್ತಿದ್ದಳು. ಮೊದಲ ವಾರವೇ ಪಾಲಿಶ್ ಆದ ಕಲ್ಲಿನ ಒಂದು ಸಾಲನ್ನು ಕೆಡವಿದಳು. ಭಾವ ಕೆಳಗಿಳಿದು, ಚೂರುಗಳನ್ನು ಕೈಯಲ್ಲಿ ಮುಟ್ಟಿ ನೋಡಿ, "ಚಿಂತಿಲ್ಲ, ಬಚ್ಚಲಕ್ಕ ಹಾಸಾಕ ಬರ್ತಾವ" ಎಂದರು.

ಅಕ್ಕನಿಗೆ ಎರಡನೇ ಪ್ರಯತ್ನದಲ್ಲಿ ಲೈಸೆನ್ಸ್ ಸಿಕ್ಕಿತು. ಪರೀಕ್ಷೆ ಮಾಡಲು ಬಂದ ಅಧಿಕಾರಿ ಇಳಕಲ್ ಸೀರೆಯನ್ನೂ ಹಳದಿ ಕಾರನ್ನೂ ಸರದಿಯಂತೆ ನೋಡಿ, ಇವೆರಡರಲ್ಲಿ ಯಾವುದು ಯಾರ ಜತೆ ಬಂದಿದೆ ಎಂದು ತಿಳಿಯದೆ ಕಂಗಾಲಾದರಂತೆ. ನಲವತ್ತರ ಕಟ್ಟಳೆ ಅಂದಿಗೆ ಮುಗಿಯಿತು. ಈಗ ತಾಂಡೂರಿನಲ್ಲಿ ನಾಯಿಗಳೂ ಎರಡೂ ಕಡೆ ನೋಡಿ ರಸ್ತೆ ದಾಟುತ್ತವೆ.

ಇಷ್ಟಾದರೂ ಟರ್ಬೊ ವಿಚಾರ ಸತ್ತಿರಲಿಲ್ಲ. ಉಸ್ತಾದ್ ಆಗಾಗ ಫೋನ್ ಮಾಡುತ್ತಿದ್ದ. ಭಾವ, "ನಾ ಓಡಸದಿದ್ರೂ ಬಾಜೂಕ ಕುಂತು ಅನುಭವಿಸಬಹುದಲ್ಲ" ಎಂದು ಒಂದು ದಿನ, "ಕಣ್ಣಿನ ಖರ್ಚ ಇರೂವಾಗ ಇದೇನು ಹುಚ್ಚು" ಎಂದು ಮರುದಿನ ಹೇಳುತ್ತಿದ್ದರು. ಕಡೆಗೆ ಅಕ್ಕನೇ, "ನಡ್ರಿ, ಹೋಗಿ ಒಂದು ಮುಗಿಸಿ ಬರೂಣು" ಎಂದಳು. ಮೂವರೂ ಹೊರಟೆವು. ನಾನು ಹಿಂದಿನ ಸೀಟಿನಲ್ಲಿ, ನನ್ನ ಮೊಳಕಾಲುಗಳ ನಡುವೆ ನನ್ನ ಗದ್ದ.

ಗ್ಯಾರೇಜಿನಲ್ಲಿ ಉಸ್ತಾದ್ ಅಕ್ಕನಿಗೆ ಕುರ್ಚಿ ಹಾಕಿಸಿ, ಸಾಮಾನುಗಳನ್ನೆಲ್ಲ ತೋರಿಸಿ ವಿವರಿಸಿದ. ಅಕ್ಕ ಸೀರೆ ಅಂಗಡಿಯಲ್ಲಿ ಅಂಚು ನೋಡುವಂತೆ ಎಲ್ಲವನ್ನೂ ಮುಟ್ಟಿ ನೋಡಿದಳು.

"ಇದು ಕೂಡಿಸಿದ್ರ ಗಾಡಿ ಆವಾಜ್ ಬದಲಾಗ್ತದೇನು?" ಎಂದು ಕೇಳಿದಳು.

ಉಸ್ತಾದನ ಮುಖ ಅರಳಿತು. ಎಲ್ಲ ಗಿರಾಕಿಗಳೂ ಇದನ್ನೇ ಆಸೆಯಿಂದ ಕೇಳುತ್ತಿದ್ದರೆಂದು ಕಾಣುತ್ತದೆ. "ಪೂರಾ ಬದಲಾಗ್ತದ್ರಿ, ಅಕ್ಕಾ. ಮೊದಲಿನ ಗಾಡಿ ಇದು ಅಂತ ಗುರ್ತೇ ಹತ್ತಂಗಿಲ್ಲ."

"ಹಂಗಾದ್ರ ಬ್ಯಾಡಪಾ."

ಅವನು ನಮ್ಮ ಮುಖ ನೋಡಿದ. ಅಕ್ಕ ಭಾವನ ಕಡೆ ನೋಡದೆ, ಕೈಯಲ್ಲಿದ್ದ ಪೈಪಿನ ತುಂಡನ್ನು ಜೋಪಾನವಾಗಿ ಕೆಳಗಿಟ್ಟು ಹೇಳಿದಳು.

"ನಾಳಿಗಿ ಇವ್ರು ಮನ್ಯಾಗ ಕುಂತಿರ್ತಾರ. ಬಾಜಾರಕ್ಕ ಹೋದಾಕಿ ಬಂದಳೋ ಇಲ್ಲೋ ಅಂತ ಬಾಗಲ ಕಡಿ ಕಿವಿ ಇಟ್ಟಿರ್ತಾರ. ಈ ಆವಾಜ್ ಇವರಿಗಿ ಗುರ್ತದ. ಓಣಿ ತಿರುಗಿದ ಕೂಡಲೆ ನಾನೇ ಅಂತ ತಿಳೀಬೇಕು. ಹೊಸಾದು ಬ್ಯಾಡ."

ಉಸ್ತಾದ್ ಕೈ ಒರೆಸಿಕೊಳ್ಳುತ್ತ ನಿಂತ. ಭಾವ ಏನಾದರೂ ಅಡ್ಡ ಮಾತು ತೆಗೆಯುತ್ತಾರೆಂದು ನಾನು ಕಾದೆ.

"ಆತು" ಎಂದರು ಭಾವ.

ಮರಳುವಾಗ ಸಂಜೆಯ ಮೋಡ ಹೊಲಗಳ ಮೇಲೆ ಇಳಿದಿತ್ತು. ತೊಗರಿಯ ಸಾಲುಗಳು ಕಪ್ಪಾಗಿ ಕಾಣುತ್ತಿದ್ದವು. ಊರುಗಳು ಹಿಂದೆ ಬಿದ್ದ ಮೇಲೆ ನೇರವಾದ ರಸ್ತೆ ಬಂತು. "ಥೋಡೆ ಜೋರ ಬಿಡು" ಎಂದು ಭಾವ ಹೇಳಿದರು. ಅಕ್ಕ ಬಿಟ್ಟಳು. ಎಂಜಿನ್ನಿನ ದನಿ ಮೆಲ್ಲಗೆ ಏರತೊಡಗಿತು. ಹಿಂದಿನಿಂದ ಬಗ್ಗಿ ನೋಡಿದೆ. ಭಾವ ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದರು.

ಅಕ್ಕನೂ ಕಂಡಳು. "ಯಾಕ್ರಿ, ಅಂಜಿಕಿ ಬಂತೇನು?"

"ಇಲ್ಲ," ಎಂದರು ಭಾವ, ಕಣ್ಣು ತೆರೆಯದೆಯೇ. "ರೂಢಿ ಮಾಡ್ಕೊಳ್ಳಾಕತ್ತೀನಿ."

ಗೇರು ಬದಲಿಸಬೇಕಾದ ಹೊತ್ತು ಬಂದಿತ್ತು, ಅದು ನನಗೂ ಕೇಳಿಸುತ್ತಿತ್ತು. ಅಕ್ಕ ಬದಲಿಸಲಿಲ್ಲ. ಆ ದನಿ ಅವರಿಗೆ ಇನ್ನೂ ಸ್ವಲ್ಪ ಹೊತ್ತು ಕೇಳಲೆಂದು ಹಾಗೇ ಬಿಟ್ಟಳು.