ತುರುಬಿನಲ್ಲಿ ಪೆನ್ನು

ನಮ್ಮಕ್ಕನ ತುರುಬು ಹೂವು ಕಂಡ ದಿನಗಳಿಗಿಂತ ಪೆನ್ನು ಕಂಡ ದಿನಗಳೇ ಹೆಚ್ಚು! ನಂಬಿಕೆ ಬರದಿದ್ದರೆ ನಮ್ಮ ಕೈಲಾಂಚದ ಕಡೆ ಬಂದು ಯಾರನ್ನಾದರೂ ಕೇಳಿ ನೋಡಿ. ಹಿಪ್ಪುನೇರಳೆ ತೋಟಕ್ಕೆ ಬೇರೆ ಹೆಂಗಸರು ಕುಡುಗೋಲು ಹಿಡಿದು ಹೋದರೆ, ಇವಳು ಕುಡುಗೋಲಿನ ಜೊತೆಗೆ ತುರುಬಿಗೊಂದು ನೀಲಿ ಪೆನ್ನು ಸಿಕ್ಕಿಸಿಕೊಂಡೇ ಹೊರಡುತ್ತಾಳೆ. ಸೊಪ್ಪು ಕೊಯ್ಯುವುದಕ್ಕೆ ಪೆನ್ನೇಕೆ ಎಂದು ನಾನೂ ಒಮ್ಮೆ ಕೇಳಿದ್ದೆ.

"ಅನ್ಯಾಯ ಹೇಳ್ಕೊಂಡು ಬತ್ತದೇನಮ್ಮಿ?" ಎಂದಳು.

ಸೊಪ್ಪಿನ ತೋಟದಲ್ಲಿ ಇವಳಿಗೆ ಅನ್ಯಾಯ ಮಾಡುವವರು ಯಾರು? ಮಿಡತೆಗಳೇ?

ಅವಳು ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಪಿಯುಸಿಯ ಬಾಗಿಲು ತಟ್ಟಿ ಬಂದವಳು. ನಾನು ಎಂಟನೆಯ ಕ್ಲಾಸಿಗೇ ಪುಸ್ತಕ ಮುಚ್ಚಿದವಳು. ನಮ್ಮಪ್ಪ ಇಬ್ಬರನ್ನೂ ಒಂದೇ ಊರಿಗೆ, ಒಂದೇ ಬೀದಿಗೆ ಕೊಟ್ಟರು. ಎಷ್ಟು ಹತ್ತಿರ ಎಂದರೆ, ನಮ್ಮ ಮನೆಯ ಒಗ್ಗರಣೆಯ ಯೋಗಕ್ಷೇಮವನ್ನು ಅವಳು ತನ್ನ ಜಗಲಿಯಿಂದಲೇ ವಿಚಾರಿಸಿಕೊಳ್ಳುತ್ತಾಳೆ. "ಬೆಳ್ಳುಳ್ಳಿ ಸೀದೋಯ್ತು ಕಣೇ!" ಎಂಬ ಕೂಗು ಬಂದ ಮೇಲೆಯೇ ನನ್ನ ಮೂಗಿಗೆ ವಾಸನೆ ಬಡಿಯುವುದು.

ಅವಳಿಗೆ ಹೆಸರು ತಂದುಕೊಟ್ಟದ್ದು ಬಸ್ಸಿನ ಅರ್ಜಿ. ರಾಮನಗರಕ್ಕೆ ಹೋಗುವ ಖಾಸಗಿ ಬಸ್ಸೊಂದು, ಬುಟ್ಟಿ ಹಿಡಿದು ನಿಂತ ಹೆಂಗಸರನ್ನು ಕಂಡರೆ ನಿಲ್ಲದೆ ಹೋಗುತ್ತಿತ್ತು. ನಾವೆಲ್ಲ ಬೈದು ಸುಮ್ಮನಾದರೆ ಅಕ್ಕ ತುರುಬಿಗೆ ಕೈ ಹಾಕಿದಳು. ಬಸ್ಸಿನ ಮಾಲೀಕರಿಗೆ ಬರೆದಳು: "ನಮ್ಮೂರು ಬಂದ ಕೂಡಲೇ ನಿಮ್ಮ ಡ್ರೈವರ್ ಕಣ್ಣು ಮುಚ್ಚಿಕೊಳ್ಳುತ್ತಾರೆ. ಕಣ್ಣು ಮುಚ್ಚಿಕೊಂಡು ಬಸ್ಸು ಓಡಿಸಬಲ್ಲ ಇಂಥ ನಿಪುಣರು ಹಳ್ಳಿ ರಸ್ತೆಯಲ್ಲಿ ವ್ಯರ್ಥವಾಗುತ್ತಿದ್ದಾರೆ. ದಯವಿಟ್ಟು ಅವರನ್ನು ಸರ್ಕಸ್ಸಿಗೆ ಸೇರಿಸಿ, ನಮಗೆ ಕಣ್ಣು ಬಿಟ್ಟು ಓಡಿಸುವವರೊಬ್ಬರನ್ನು ಕೊಡಬೇಕಾಗಿ ಪ್ರಾರ್ಥನೆ." ಮಾಲೀಕರು ಅದನ್ನು ಸಿಕ್ಕವರಿಗೆಲ್ಲ ಓದಿ ಓದಿ ನಕ್ಕರಂತೆ. ಅಂದಿನಿಂದ ಆ ಬಸ್ಸು ನಮ್ಮೂರಲ್ಲಿ ಯಾರೂ ಕೈ ತೋರಿಸದಿದ್ದರೂ ನಿಲ್ಲುತ್ತದೆ! "ಅರ್ಜಿ ಅಕ್ಕ ಹತ್ತುದ್ರಾ? ರೈಟ್ ರೈಟ್!" ಎಂದು ಕಂಡಕ್ಟರ್ ಕೂಗಿದ ಮೇಲೆಯೇ ಹೊರಡುವುದು.

ಆದರೆ ಎಲ್ಲ ಬರವಣಿಗೆಯೂ ಊರಿಗೆ ಉಪಕಾರ ಮಾಡುತ್ತದೆಯೇ? ನನ್ನ ಮಗಳ ಮದುವೆಯಾದಾಗ ಬೀಗರ ಊಟದ ಆಹ್ವಾನ ಬರೆಯುವ ಕೆಲಸವನ್ನು ಅವಳೇ ಕಿತ್ತುಕೊಂಡಳು. "ಎಲ್ಲಾರೂ 'ತಮ್ಮ ಆಗಮನವನ್ನು ಬಯಸುವ' ಅಂತ ಬರೀತಾರೆ. ಅದ್ನ ಓದಿ ಯಾರಿಗಾದ್ರೂ ಹಸಿವಾಗ್ತದಾ?" ಎಂದು ಕೇಳಿ, ಹೀಗೆ ಅಚ್ಚು ಹಾಕಿಸಿದಳು: "ಮಟನ್ ಊಟ ಹನ್ನೆರಡೂವರೆಗೆ. ಮುದ್ದೆ ಬಿಸಿ ಇರುವಾಗಲೇ ಬನ್ನಿ. ತಡವಾಗಿ ಬಂದವರಿಗೆ ಸಾರು ಖಚಿತ, ತುಂಡಿಗೆ ನಾವು ಜವಾಬ್ದಾರರಲ್ಲ." ಓದಿದವರಿಗೆಲ್ಲ ಹಸಿವಾಯಿತು ನೋಡಿ! ಹನ್ನೊಂದಕ್ಕೇ ಜನ ಪೆಂಡಾಲು ತುಂಬಿದರು. ಅಡುಗೆಯವರು ಸೌದೆ ಹಿಡಿದು ಜನರನ್ನು ಹಿಂದಕ್ಕೆ ತಳ್ಳುವ ಪರಿಸ್ಥಿತಿ. ಬೀಗರು ಸಾವಕಾಶವಾಗಿ ಬಂದು ಕುಳಿತಾಗ ತಟ್ಟೆಗೆ ಬಿದ್ದದ್ದು ಮುದ್ದೆ ಮತ್ತು ಖಚಿತವಾದ ಸಾರು. ಬೀಗರ ಊಟದಲ್ಲಿ ಬೀಗರಿಗೇ ತುಂಡಿಲ್ಲ!

"ಪತ್ರಿಕೇಲಿ ಸ್ಪಷ್ಟವಾಗಿ ಬರ್ದಿತ್ತಲ್ಲಾ ಬೀಗ್ರೇ?" ಎಂದಳು ಅಕ್ಕ, ಅವರ ಎದುರಿಗೇ ನಿಂತು.

"ನಾವು ಓದ್ಲಿಲ್ಲ ಕಣ್ರವ್ವಾ, ಜೋಡಿ ಪೋಟೋ ನೋಡಿ ಮಡಿಕಂಡೊ," ಎಂದರು ಪಾಪ, ಬೀಗರು.

ಇಂಥವಳ ತಂಗಿಯಾಗಿರುವುದು ಸುಲಭವೆಂದುಕೊಂಡಿರಾ? ನನ್ನ ಹೆಸರನ್ನು ಯಾರಾದರೂ ಕೇಳಿದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೇಳಿರುತ್ತಾಳೆ. ಡಾಕ್ಟರ ಹತ್ತಿರ ಹೋದರೆ ನನ್ನ ಹೊಟ್ಟೆನೋವಿನ ವಿವರ ಕೊಡುವವಳು ಅವಳು. ಕೊನೆಗೆ "ನಮ್ಮವ್ಳು ಒಸಿ ಸಂಕೋಚದವ್ಳು" ಎಂದು ಸೇರಿಸುತ್ತಾಳೆ. ಅವಳು ಅಷ್ಟು ಮಾತಾಡಿದ ಮೇಲೆ ನನಗೆ ಸಂಕೋಚ ಬಿಟ್ಟು ಬೇರೇನು ಉಳಿಯುತ್ತದೆ, ಹೇಳಿ!

ಹೀಗಿರುವಾಗ ರಾಮನಗರದ ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಅವಳೊಂದು ಪಾಂಪ್ಲೆಟ್ ಕಂಡಳು. ಪೇಟೆಯ ಕಾಲೇಜೊಂದರಲ್ಲಿ ಪ್ರತಿ ಭಾನುವಾರ ಕನ್ನಡ ಬರವಣಿಗೆಯ ಕೋರ್ಸು; ಡಿಗ್ರಿ ಮಕ್ಕಳ ಜೊತೆಗೆ ಹೊರಗಿನವರೂ ಸೇರಬಹುದು; ಓದಲು ಬರೆಯಲು ಬಂದರೆ ಸಾಕು. ಅಕ್ಕ ಅಲ್ಲಿಂದಲೇ ಕಾಲೇಜಿಗೆ ನಡೆದು ಇಬ್ಬರ ಹೆಸರನ್ನೂ ಕೊಟ್ಟು ಬಂದಳು. ನನ್ನನ್ನು ಕೇಳಿದಳೇ ಎನ್ನುತ್ತೀರಾ? ಕೇಳುವ ಅಭ್ಯಾಸ ಅವಳಿಗಿಲ್ಲ.

ಮೊದಲ ಭಾನುವಾರ ಅಲ್ಲಿನ ಮೇಡಂ ಎಲ್ಲರನ್ನೂ ದೊಡ್ಡ ಹಾಲ್‌ನಲ್ಲಿ ಕೂರಿಸಿ ಕ್ರಮ ವಿವರಿಸಿದರು. ಇಂದು ಒಂದು ಚಿಕ್ಕ ಪರೀಕ್ಷೆ. ಸರಾಗವಾಗಿ ಬರೆದವರು ಮಹಡಿಯ ರೂಮಿಗೆ, ಮೊದಲಿನಿಂದ ಕಲಿಯಬೇಕಾದವರು ಕೆಳಗಿನ ರೂಮಿಗೆ. ನಡುವೆ ಇನ್ನೊಂದು ಪರೀಕ್ಷೆ ಇರುತ್ತದೆ. ಆಗ ಚೆನ್ನಾಗಿ ಬರೆದರೆ ಕೆಳಗಿನವರೂ ಮೇಲೆ ಹೋಗಬಹುದು. ಕೋರ್ಸಿನ ಕೊನೆಯಲ್ಲಿ ಮಹಡಿಯವರ ಬರಹಗಳನ್ನೆಲ್ಲ ಸೇರಿಸಿ, ಹೆಸರು ಫೋಟೊ ಹಾಕಿ, ಕಾಲೇಜಿನಿಂದ ಒಂದು ಪುಸ್ತಕ.

ಪುಸ್ತಕ ಎಂದ ಕೂಡಲೇ ಅಕ್ಕ ನನ್ನ ತೊಡೆ ಚಿವುಟಿದಳು. ಇಷ್ಟು ವರ್ಷ ಊರಿಗೆಲ್ಲ ಬರೆದುಕೊಟ್ಟಿದ್ದಾಳೆ. ಅಚ್ಚಿನಲ್ಲಿ ಅವಳ ಹೆಸರು ಬಂದದ್ದು ಮತದಾರರ ಪಟ್ಟಿಯಲ್ಲಿ ಮಾತ್ರ.

"ಆ ಪೋಟೋಗೆ ಜರಿ ಸೀರೆ ಉಡ್ಲಾ, ಕಾಟನ್ ಉಡ್ಲಾ?" ಪಿಸುಗುಟ್ಟಿದಳು.

"ಮೊದ್ಲು ಪರೀಕ್ಷೆ ಬರಿ ಅಕ್ಕ."

"ಬರಿಯೋರು ಕಾಟನ್ನೇ ಉಡ್ತಾರೆ ಕಣಮ್ಮಿ. ಜರಿ ಉಟ್ರೆ ಯಾರೂ ನಂಬಕಿಲ್ಲ."

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾನು ಬರೆಯಲಾರದವಳಲ್ಲ. ಅಕ್ಕನ ಕೈಬರಹ ಕೋಳಿ ಕೆದರಿದ ತಿಪ್ಪೆ. ಅವಳ ಅರ್ಜಿಗಳ ಶುದ್ಧಪ್ರತಿ ತೆಗೆಯುವವಳು ನಾನು. ಎಷ್ಟೋ ವರ್ಷ ತೆಗೆದೂ ತೆಗೆದೂ ಮಾತನ್ನು ಎಲ್ಲಿ ಎತ್ತಬೇಕು, ಎಲ್ಲಿ ಇಳಿಸಬೇಕು ಎಂಬುದು ನನ್ನ ಕೈಗೂ ಬಂದುಬಿಟ್ಟಿತ್ತು. ಆದರೆ ಅಂದು ನನಗೆ ಹೊಳೆದದ್ದೇ ಬೇರೆ. ಅಕ್ಕ ಮಹಡಿಗೆ ಹೋಗುವುದು ಖಂಡಿತ. ನಾನು ಕೆಳಗೆ ಉಳಿದುಬಿಟ್ಟರೆ? ವಾರಕ್ಕೆ ಎರಡು ಗಂಟೆ, ಯಾರಾದರೂ ಹೆಸರು ಕೇಳಿದರೆ ನಾನೇ ಹೇಳಬಹುದಲ್ಲ! ನನ್ನ ಹೆಸರನ್ನು ನನ್ನ ಬಾಯಿಂದಲೇ ಕೇಳಿ ಎಷ್ಟು ಕಾಲವಾಗಿತ್ತೋ!

"ಬೆಳಗಿನಿಂದ ಸಂಜೆಯವರೆಗೆ ನೀವು ಮಾಡುವುದನ್ನು ಬರೆಯಿರಿ" ಎಂಬುದು ಪ್ರಶ್ನೆ. ನಾನು ಬರೆದೆ: "ಬೆಳಿಗ್ಗೆ ಎದ್ದೆ. ಸೊಪ್ಪು ತಂದೆ. ಹುಳುವಿಗೆ ಹಾಕಿದೆ." ಅಷ್ಟೇ. ಪೆನ್ನು ಮುಚ್ಚಿ ಕಿಟಕಿಯಾಚೆಗಿನ ಬೇವಿನ ಮರ ನೋಡುತ್ತ ಕುಳಿತೆ. ಹಿಂದಿನ ಬೆಂಚಿನಲ್ಲಿ ಅಕ್ಕ ಇದ್ದಳು.

ಮುಂದಿನ ಭಾನುವಾರ ನನ್ನ ಹೆಸರು ಕೆಳಗಿನ ರೂಮಿನ ಪಟ್ಟಿಯಲ್ಲಿತ್ತು. ಉಳಿದ ಹೆಸರು ಓದುವ ತಾಳ್ಮೆ ಯಾರಿಗಿತ್ತು? ಹಗ್ಗ ಬಿಚ್ಚಿದ ಕರುವಿನಂತೆ ಹಾರಿಕೊಂಡು ಒಳಗೆ ಹೋದೆ. ಮೊದಲ ಬೆಂಚಿನಲ್ಲಿ ಒಂದು ತುರುಬು. ತುರುಬಿನಲ್ಲಿ ಒಂದು ನೀಲಿ ಪೆನ್ನು.

"ಬಾರಮ್ಮಿ, ಕಿಟಕಿ ಪಕ್ಕ ಜಾಗ ಹಿಡ್ದಿವ್ನಿ," ಎಂದಳು ಅಕ್ಕ, ಬೆಂಚಿನ ಮೇಲಿನ ಬ್ಯಾಗು ಎತ್ತಿಕೊಳ್ಳುತ್ತ.

ಇಡೀ ಬ್ಯಾಚಿನಲ್ಲಿ ನನಗಿಂತ ಚಿಕ್ಕ ಉತ್ತರ ಬರೆದವರು ಒಬ್ಬರೇ ಇದ್ದರಂತೆ: "ಎದ್ದೆ. ಬಂದೆ." ಯಾರೆಂದು ಮೇಡಂ ಹೇಳಲಿಲ್ಲ, ಅಕ್ಕ ಈ ಕಿಟಕಿಗೂ ಕಾಣುವ ಅದೇ ಬೇವಿನ ಮರ ನೋಡುತ್ತಿದ್ದಳು.

ನನಗೆ ಏನನ್ನಿಸಬೇಕಿತ್ತು? ಅನುಮಾನ. ಆದರೆ ನನಗೆ ಅನ್ನಿಸಿದ್ದು ಖುಷಿ! ಪರೀಕ್ಷೆಯ ಹಾಳೆ ಕಂಡರೆ ಇವಳೂ ಬೆವರುತ್ತಾಳೆ ಹಾಗಾದರೆ! ಸಂಜೆ ಡೈರಿಯಲ್ಲಿ ಹಾಲು ಹಾಕಲು ನಿಂತ ಹೆಂಗಸರಿಗೆಲ್ಲ ನಾನೇ ಸುದ್ದಿ ಹಂಚಿದೆ. ಅವಳಿಲ್ಲದ ಕಡೆ ನನಗೆ ಸಂಕೋಚವೇ ಇಲ್ಲ ಎಂಬುದು ಅಂದು ತಿಳಿಯಿತು. ಎರಡೇ ದಿನದಲ್ಲಿ ಸುದ್ದಿ ಬಸ್ಸು ಹತ್ತಿತು.

"ಏನಕ್ಕಾ, ನಾಪಾಸಂತೆ?" ಕಂಡಕ್ಟರ್ ಎಲ್ಲರೆದುರಿಗೆ ಕೇಳಿದ. "ನಮ್ ಡ್ರೈವರಣ್ಣ ನಿಮ್ಗೇ ಒಂದು ಅರ್ಜಿ ಬರ್ಕೊಡ್ತಾರಂತೆ!"

ಬಸ್ಸು ಪೂರ್ತಿ ನಕ್ಕಿತು. ನಾನೂ ಸೆರಗು ಅಡ್ಡ ಇಟ್ಟುಕೊಂಡು ನಕ್ಕೆ. ಅಕ್ಕ ತಿರುಗಿಸಿ ಕೊಡಲಿಲ್ಲ. "ಹೂಂ ಕಣಪ್ಪ, ವಯಸ್ಸಾಯ್ತು," ಎಂದು ಚಿಲ್ಲರೆ ಇಸಿದುಕೊಂಡಳು. ಅಕ್ಕ ಮಾತು ತಿರುಗಿಸಿ ಕೊಡಲಿಲ್ಲವೆಂದರೆ ಅವಳಿಗೆ ಜ್ವರ ಬಂದಿರಬೇಕು, ಇಲ್ಲ ಏನೋ ಬಚ್ಚಿಟ್ಟಿರಬೇಕು. ನಾನು ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.

ಕೆಳಗಿನ ರೂಮಿನಲ್ಲಿ ಅವಳು ದಡ್ಡಿಯ ಪಾತ್ರವನ್ನು ಚೆನ್ನಾಗಿಯೇ ಮಾಡಿದಳು. ಕೆಟ್ಟದ್ದು ಒಂದು ರಜಾ ಅರ್ಜಿಯಿಂದ. ಪಕ್ಕದಲ್ಲಿ ಕೂರುತ್ತಿದ್ದ ಚನ್ನಪಟ್ಟಣದ ಹುಡುಗಿಗೆ ಚಿಕ್ಕಪ್ಪನ ಮಗಳ ಮದುವೆಗೆ ರಜಾ ಬೇಕಿತ್ತು. ಮೇಡಂ ಅರ್ಜಿಯನ್ನು ಜೋರಾಗಿ ಓದಿದರು: "ನಾನು ಮದುವೆಗೆ ಹೋಗದಿದ್ದರೆ ಮದುವೆ ನಿಲ್ಲುವುದಿಲ್ಲ. ಆದರೆ ನಾನು ತರಗತಿಗೆ ಬಂದರೆ ನನ್ನ ಮನಸ್ಸು ಅಲ್ಲೇ ಪಂಕ್ತಿಯಲ್ಲಿ ಕುಳಿತಿರುತ್ತದೆ. ಬರಿಯ ದೇಹಕ್ಕೆ ಹಾಜರಿ ಹಾಕಿ ತಾವು ಪಾಪ ಕಟ್ಟಿಕೊಳ್ಳಬಾರದೆಂದು ಕೋರಿಕೆ." ಕ್ಲಾಸು ಹೋ ಎಂದಿತು. ಮೇಡಂ ಹುಡುಗಿಯ ಕಡೆ ನೋಡಲೇ ಇಲ್ಲ. ಸೀದಾ ತುರುಬಿನ ಕಡೆ ನೋಡಿದರು.

ಕ್ಲಾಸು ಬಿಟ್ಟ ಮೇಲೆ ನಾನು ಮಹಡಿ ಮೆಟ್ಟಿಲಿನ ಹಿಂದಿನ ನಲ್ಲಿಯಲ್ಲಿ ಬಾಟಲಿಗೆ ನೀರು ಹಿಡಿಯುತ್ತಿದ್ದೆ. ಮೆಟ್ಟಿಲ ಬಳಿ ಮೇಡಂ ಅಕ್ಕನನ್ನು ನಿಲ್ಲಿಸಿಕೊಂಡರು.

"ನೀವು ಇರಬೇಕಾದ ಜಾಗ ಇದಲ್ಲ. ಮುಂದಿನ ವಾರದಿಂದಲೇ ಮೇಲೆ ಬನ್ನಿ."

"ಮಂಡಿನೋವು ಮೇಡಂ. ಮೆಟ್ಲು ಹತ್ತಕಾಗಕಿಲ್ಲ."

"ಬೆಳಿಗ್ಗೆ ಬಸ್ಸಿಳಿದು ಓಡಿ ಬಂದ್ರಲ್ಲ, ನಾನೇ ನೋಡಿದೆ."

ಅಕ್ಕ ಮೇಡಂ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟಳು. ಆಮೇಲೆ ದನಿ ತಗ್ಗಿಸಿದಳು. ಅವಳ ದನಿ ಅಷ್ಟು ತಗ್ಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

"ನನ್ ತಂಗಿ ಕೆಳಗವ್ಳೆ ಮೇಡಂ. ಪರೀಕ್ಷೆ ದಿನ ಅವ್ಳ ಬೆನ್ನಿಂದೆ ಕುಂತಿದ್ದೆ. ಮೂರು ಸಾಲಿಗೇ ಕೈ ನಿಂತೋಯ್ತು ಅವ್ಳಿಗೆ. ಇಸ್ಕೂಲ್ನಾಗೂ ಹಿಂಗೇ. ಎಂಟ್ನೇ ಕ್ಲಾಸ್ ಪರೀಕ್ಷೇಲಿ ಪೇಪರ್ ನೋಡಿ ಅತ್ಕೊಂಡು ಎದ್ದೋದೋಳು, ಆಮೇಲೆ ಇಸ್ಕೂಲ್ ಕಡೀಕೇ ಹೋಗ್ನಿಲ್ಲ. ಅವತ್ತು ನಾನು ಬೇರೆ ರೂಮ್ನಾಗಿದ್ದೆ. ಇನ್ನೊಂದ್ ಸಲ ಬೇರೆ ರೂಮ್ನಾಗೆ ಕುಂತ್ಕೊಳ್ಳಕಿಲ್ಲ ಮೇಡಂ."

"ಮತ್ತೆ ಪುಸ್ತಕ?"

"ರೇಷ್ಮೆ ಹುಳ ಹಣ್ಣಾಗದೆ ಚಂದ್ರಿಕೆ ತಟ್ಟೆಗೆ ಹತ್ಸುದ್ರೆ ಗೂಡು ಕಟ್ಟಕಿಲ್ಲ ಮೇಡಂ. ಅವ್ಳು ಹಣ್ಣಾಗ್ಲಿ. ಪುಸ್ತಕ ಬರೋ ವರ್ಷನೂ ಬತ್ತದೆ ಬುಡಿ."

ಬಾಟಲಿ ತುಂಬಿ ನೀರು ನನ್ನ ಕಾಲ ಮೇಲೆ ಹರಿಯುತ್ತಿತ್ತು. ನನ್ನ ಕೈ ನಿಂತಿರಲಿಲ್ಲ. ನಾನು ನಿಲ್ಲಿಸಿದ್ದೆ. ಅದೂ ಅವಳಿಂದ ತಪ್ಪಿಸಿಕೊಳ್ಳಲು! ಅವಳು ಕಾಟನ್ ಸೀರೆ, ಫೋಟೊ, ಪುಸ್ತಕ ಎಲ್ಲವನ್ನೂ ಕೆಳಗಿಟ್ಟು, ಬಸ್ಸಿನವರಿಂದ ನಾಪಾಸು ಎನ್ನಿಸಿಕೊಂಡು ಬಂದು ನನಗೆ ಕಿಟಕಿ ಪಕ್ಕದ ಜಾಗ ಹಿಡಿಯುತ್ತಿದ್ದಳು. ಡೈರಿಯಲ್ಲಿ ಸುದ್ದಿ ಹಂಚಿದವಳು ನಾನು.

ಬಸ್ಸಿನಲ್ಲಿ ಹೇಳಿಬಿಡಬೇಕೆಂದು ಧೈರ್ಯ ತಂದುಕೊಂಡೆ.

"ಅಕ್ಕಾ..."

"ಯಾಕಮ್ಮಿ, ವಾಂತಿ ಬತ್ತದಾ? ಈ ಕಡೀಕ್ ಕುಂತ್ಕೊ. ಕಂಡಕ್ಟರಣ್ಣಾ, ನಮ್ಮವ್ಳಿಗೆ ವಾಂತಿ!"

ಇಡೀ ಬಸ್ಸು ನನ್ನ ಕಡೆ ತಿರುಗಿತು. ಯಾರೋ ನಿಂಬೆಹಣ್ಣು ಕೊಟ್ಟರು. ಇಂಥವಳ ಹತ್ತಿರ ಗುಟ್ಟು ಹೇಳಿಕೊಳ್ಳುವುದಾದರೂ ಹೇಗೆ? ನಿಂಬೆಹಣ್ಣು ಮೂಸುತ್ತ ಊರು ತಲುಪಿದೆ. ಮರುವಾರವೂ ಹೇಳಲಾಗಲಿಲ್ಲ. ಅದರ ಮರುವಾರವೂ ಇಲ್ಲ.

ನಡುವಿನ ಪರೀಕ್ಷೆ ಬಂತು. ಅದೇ ದೊಡ್ಡ ಹಾಲ್. ನಾನು ಮುಂದೆ, ಅವಳು ನನ್ನ ಬೆನ್ನ ಹಿಂದೆ. ಮೇಡಂ ಬೋರ್ಡಿನ ಮೇಲೆ ಬರೆದರು: "ನಿಮ್ಮ ಮನೆಯ ಒಬ್ಬ ವಿಚಿತ್ರ ವ್ಯಕ್ತಿ."

"ಹೆದರ್ಕೊಬ್ಯಾಡ ಕಣಮ್ಮಿ," ಹಿಂದಿನಿಂದ ಪಿಸುಮಾತು ಬಂತು. "ಬಂದಷ್ಟು ಬರಿ. ಬರ್ದಿದ್ರೂ ಏನೂ ಇಲ್ಲ. ನಾನಿವ್ನಿ."

ನಾನು ಬೀಗರ ಊಟದಿಂದ ಶುರು ಮಾಡಿದೆ. ಬಸ್ಸಿನ ಅರ್ಜಿಗೆ ಬಂದೆ. ನನ್ನ ಹೊಟ್ಟೆನೋವನ್ನು ಡಾಕ್ಟರಿಗೆ ವರ್ಣಿಸುವ ಅವಳ ಭಂಗಿ ಬರೆದೆ. ಆಮೇಲೆ ಆ ಮೂರು ಸಾಲಿನ ವಿಷಯ, ಡೈರಿಯ ವಿಷಯ, ಬಾಯಿಂದ ಬರದೇ ಉಳಿದದ್ದೆಲ್ಲ ಕೈಯಿಂದ ಬಂತು. ಈ ಸಲ ಕೈ ಎಲ್ಲೂ ನಿಲ್ಲಲಿಲ್ಲ. ಹಾಳೆಯ ಕೊನೆ ಬಂದಾಗ ಒಮ್ಮೆ ತಿರುಗಿ ನೋಡಿದೆ. ಅಕ್ಕನ ಹಾಳೆ ಬೆಳ್ಳಗೆ, ಒಂದಕ್ಷರವಿಲ್ಲ. ಪೆನ್ನು ತುರುಬಿನಲ್ಲೇ ಇತ್ತು. ಅವಳು ಗಲ್ಲಕ್ಕೆ ಕೈ ಕೊಟ್ಟು ನನ್ನ ಬಲಗೈಯನ್ನೇ ನೋಡುತ್ತಿದ್ದಳು.

ನಾನು ಎದ್ದು ನಿಂತೆ. ಹಾಲ್‌ನ ಆ ತುದಿಗೂ ಕೇಳುವಂತೆ, ನನ್ನ ಬಾಯಿಂದಲೇ ಕೇಳಿದೆ:

"ಮೇಡಂ, ಅಡಿಷನಲ್ ಶೀಟ್ ಕೊಡಿ."

ಕುಳಿತುಕೊಳ್ಳುವಷ್ಟರಲ್ಲಿ ಬೆನ್ನ ಹಿಂದೆ ಗಾಜಿನ ಬಳೆಗಳು ಗಲಗಲ ಎಂದವು. ಅಕ್ಕನ ಕೈ ತುರುಬಿಗೆ ಹೋಗಿತ್ತು.