ಕ್ಲಚ್ಚಿನ ಕಾಲು

ಪ್ರಭುದೇವ್ ಎಡಗಾಲನ್ನು ಕಣ್ಣಿಂದ ನೋಡಿಯೇ ನೆಲಕ್ಕಿಡುತ್ತಿದ್ದ. ನೋಡದಿದ್ದರೆ ಅದು ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಸೊಂಟದಲ್ಲಿ ನರ ಒತ್ತಿಕೊಂಡು ಪಾದದವರೆಗೂ ಜೋಮು. ಬಲಮಂಡಿ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು, ಎಣ್ಣೆ ಕಾಣದ ಬಾಗಿಲಿನ ಹಾಗೆ ಹೆಜ್ಜೆಗೊಮ್ಮೆ ನರಳುತ್ತ. ಎರಡೂ ಕಡೆ ಸೋಲಾರ್ ಫಲಕಗಳು, ನಡುವೆ ಕಾದ ಟಾರು ರಸ್ತೆ, ಬೆನ್ನಿಗೆ ಅಂಟಿಕೊಂಡಂತೆ ಒಂದು ಆಂಬುಲೆನ್ಸು.

ಅವನು ಓಡುತ್ತಿದ್ದ ಮ್ಯಾರಥಾನಿನಲ್ಲಿ ಕೊನೆಯವನ ಹಿಂದೆ ಆಂಬುಲೆನ್ಸು ಬರಬೇಕೆಂಬುದು ಕಟ್ಟಳೆ. ಕೊರಟಗೆರೆಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಪ್ರಭುದೇವ್ ಹೋದ ವರ್ಷವೂ, ಅದರ ಹಿಂದಿನ ವರ್ಷವೂ ಅದರಲ್ಲೇ ಮಲಗಿ, ಓಟ ಮುಗಿಯುವ ಬಲಸಮುದ್ರ ತಲುಪಿದ್ದ. ಈ ಸಲ ತನ್ನ ಕಾಲ ಮೇಲೆ ಕೊನೆಯ ಗೆರೆ ದಾಟಬೇಕು. ಅಷ್ಟೇ.

ಡ್ರೈವರ್ ನಬೀ ಸಾಬ್ ಶಿರಾದವರು. ಪಕ್ಕದಲ್ಲಿ, ಮನೆಗೆ ಹೋಗಲೆಂದು ರಾಯಚರ್ಲಿನಲ್ಲಿ ಕೈ ಅಡ್ಡ ಹಾಕಿ ಹತ್ತಿದ ಲಕ್ಕಮ್ಮ.

“ಇದೇನಣ್ಣಾ, ನಡ್ಕಂಡ್ ಹೋಗಿದ್ರೆ ಇಷ್ಟೊತ್ಗೆ ಮುದ್ದೆ ಉಂಡು ಮಲಗಿರ್ತಿದ್ದೆ.”

“ಏನ್ ಮಾಡ್ಲಮ್ಮಾ, ಅವ್ರನ್ನ ದಾಟಂಗಿಲ್ಲ.”

ಲಕ್ಕಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. “ಏಮಪ್ಪಾ, ಯಾರ್ ಅಟ್ಟಿಸ್ಕಂಡ್ ಬರ್ತಾವ್ರೆ ಅಂತ ಇಂಗ್ ಓಡ್ತೀಯಾ?”

“ನೀವೇ,” ಅಂದ ಪ್ರಭುದೇವ್, ಪಾದದಿಂದ ಕಣ್ಣೆತ್ತದೆ.

“ಮಂಡಿಗೆ ಎಕ್ಕದೆಲೆ ಕಟ್ಕೊ.”

“ಕಟ್ಟಿದೀನಿ.”

“ಹರಳೆಣ್ಣೆ?”

“ಹಚ್ಚಿದೀನಿ.”

“ಡಾಕ್ಟ್ರು?”

“ನಿಧಾನಕ್ಕೆ ಓಡು ಅಂದ್ರು.”

ಲಕ್ಕಮ್ಮ ಸಾಬರ ಕಡೆ ತಿರುಗಿದಳು. “ಡಾಕ್ಟ್ರ ಮಾತು ಇಷ್ಟು ಕೇಳೋನ್ನ ನಾನು ನೋಡೇ ಇಲ್ಲ.”

ಆಮೇಲೆ ಕಲ್ಲು ಬಂದಲ್ಲೆಲ್ಲ ಅವನು ಜೋಮಿನ ಕಾಲನ್ನು ಯಾರದೋ ಮಗುವಿನಂತೆ ಎತ್ತಿ ದಾಟಿಸುವುದನ್ನು ನೋಡುತ್ತ ಕೂತಳು. “ಗಟ್ಟಿ ಪಿಂಡ ಕಣಣ್ಣಾ ಇದು.”

ದೂರದಲ್ಲಿ ಗೆರೆಯ ಬಾವುಟಗಳು ಕಾಣಿಸಿದವು. ಅಷ್ಟರಲ್ಲಿ ಹಿಂದೆ ಹಾರ್ನು, ನಿಲ್ಲದ ಹಾರ್ನು. ತಿರುಗಿದರೆ ಆಂಬುಲೆನ್ಸು ರಸ್ತೆಯಂಚಿಗಿಳಿದು ನಿಂತಿದೆ, ಸಾಬರು ಸ್ಟೀರಿಂಗ್ ಮೇಲೆ ಬಿದ್ದಿದ್ದಾರೆ.

“ಅರೆ ಭಾಯ್, ಬೆಳಿಗ್ಗೆಯಿಂದ ಫಸ್ಟ್ ಗೇರಲ್ಲೇ ಕ್ಲಚ್ ಒತ್ತೀ ಒತ್ತೀ ಸೊಂಟದಿಂದ ಕಾಲ್ಗಂಟ ಹಿಡ್ಕಂಡ್ಬುಟ್ಟಿದೆ. ಅಲ್ಲಾಡ್ಸಕ್ಕಾಗ್ತಿಲ್ಲ.”

ಡಾಕ್ಟರು ಇರುವುದು ಗೆರೆಯ ಹತ್ತಿರ. ಫೋನಿಗೆ ಟವರಿಲ್ಲ.

“ಓಡಿಹೋಗಿ ಕರ್ಕೊಂಡ್ ಬರ್ತೀನಿ,” ಅಂದ ಪ್ರಭುದೇವ್.

“ನಿನ್ನ ಓಟದಾಗಾ?” ಅಂದಳು ಲಕ್ಕಮ್ಮ.

ಅವನು ಬಾವುಟಗಳನ್ನೊಮ್ಮೆ, ಸಾಬರ ಮುಖವನ್ನೊಮ್ಮೆ ನೋಡಿದ. ಇಬ್ಬರೂ ಸೇರಿ ಅವರನ್ನು ಹಿಂದೆ ಸ್ಟ್ರೆಚರಿನ ಮೇಲೆ ಮಲಗಿಸಿದರು. ಪ್ರಭುದೇವ್ ಸ್ಟೀರಿಂಗ್ ಹಿಡಿದ. ಜೋಮಿನ ಕಾಲು ಕ್ಲಚ್ಚಿನ ಮೇಲಿದೆಯೋ ಇಲ್ಲವೋ ಬಗ್ಗಿ ನೋಡಬೇಕು. ಬಗ್ಗಿದರೆ ರಸ್ತೆ ಕಾಣದು.

“ಕಾಲು ನೀನ್ ನೋಡ್ಕೋ, ರಸ್ತೆ ನಾನ್ ನೋಡ್ತೀನಿ,” ಅಂದಳು ಲಕ್ಕಮ್ಮ. “ಬಲಕ್ಕೆ. ಎಮ್ಮೆ. ಎಡಕ್ಕೆ. ಇನ್ನೊಂದೆಮ್ಮೆ.”

ಆಂಬುಲೆನ್ಸು ಕಪ್ಪೆಯಂತೆ ಕುಪ್ಪಳಿಸುತ್ತ ಹೋಗಿ, ಕೊನೆಯ ಓಟಗಾರನಿಗೆಂದು ಕಟ್ಟಿದ್ದ ರಿಬ್ಬನ್ನನ್ನು ಹರಿದುಕೊಂಡು ನಿಂತಿತು. ತಮಟೆಯವರು ಹಿಂದುಮುಂದು ನೋಡದೆ ಬಾರಿಸಿದರು.

ಓಟ ನಡೆಸುತ್ತಿದ್ದ ಲೋಹಿತಾ ವೈಪರಿನಿಂದ ರಿಬ್ಬನ್ ಬಿಡಿಸುತ್ತ, “ಈ ವರ್ಷವೂ ಇದರಲ್ಲೇ ಬಂದ್ರಾ ಸಾರ್?” ಅಂದಳು.

ಡಾಕ್ಟರು ಸಾಬರ ಕಾಲನ್ನು ಮಡಿಸಿ, ನೀವಿ, ಸೊಂಟ ಒತ್ತಿದರು. ಸ್ವಲ್ಪ ಹೊತ್ತಿಗೆ ಸಾಬರು ಎದ್ದು ನಿಂತು ಟೀ ಕೇಳಿದರು. ಪ್ರಭುದೇವ್ ಮಾತ್ರ ಸೀಟಿನಿಂದ ಇಳಿಯಲಾಗದೆ ಬಾಗಿಲು ಹಿಡಿದು ಒದ್ದಾಡುತ್ತಿದ್ದ. ಕೂತದ್ದೇ ತಡ, ಮಂಡಿ ಬಿಗಿದುಕೊಂಡಿತ್ತು.

ನಡೆದದ್ದನ್ನೆಲ್ಲ ಲಕ್ಕಮ್ಮ ಹೇಳಿದಳು, ಎಮ್ಮೆಗಳನ್ನೂ ಬಿಡದೆ. ಲೋಹಿತಾ ಅವನ ಕೈ ಹಿಡಿದು ಇಳಿಸಿದಳು. “ಸಾರ್, ಓಟ ಬಿಟ್ಟ ಜಾಗದಿಂದ ಮತ್ತೆ ಓಡಿ ಬಂದ್ರೆ ಲೆಕ್ಕಕ್ಕೆ ತಗೋತೀವಿ. ಗೆರೆಯ ಗೇಟು ಮುಚ್ಚೋಕೆ ಇನ್ನೂ ಟೈಮಿದೆ.”

ಸಾಬರು ಟೀ ಲೋಟ ಕೆಳಗಿಟ್ಟು ಆಂಬುಲೆನ್ಸಿನ ಬಾಗಿಲು ತೆರೆದು ಹಿಡಿದರು. “ಬನ್ನಿ ಭಾಯ್, ಅದೇ ಜಾಗಕ್ಕೆ ಬುಡ್ತೀನಿ. ಎಲ್ಡೇ ನಿಮಿಷ. ವಾಪಸ್ ಹೋಗೋದನ್ನ ಯಾರೂ ಲೆಕ್ಕ ಹಾಕಲ್ಲ.”

ಪ್ರಭುದೇವ್ ಆಗಲೇ ಬಂದ ದಾರಿಗೆ ಮುಖ ಮಾಡಿ ಕುಂಟುತ್ತಿದ್ದ.

“ಬ್ಯಾಡ ಸಾಬ್ರೇ. ನಡ್ಕಂಡೇ ಹೋಗ್ತೀನಿ.”