ಅತ್ತೆಯ ಪಕ್ಕ ಕುಳಿತರೆ ಇಳಿಯುವ ಬ್ಯಾಟರಿ

ನನಗೊಂದು ದುರಭ್ಯಾಸವಿದೆ. ಯಾವ ಯಂತ್ರ ಕೆಟ್ಟರೂ ನಾನೇ ಸರಿಮಾಡುತ್ತೇನೆಂದು ಮೊದಲು ಹೇಳಿಬಿಡುತ್ತೇನೆ. ಅದು ಹೇಗೆ ಕೆಲಸ ಮಾಡುತ್ತದೆಂದು ಯೋಚಿಸುವುದು ಆಮೇಲೆ. ಮನೆಯ ಮಿಕ್ಸಿ, ತೋಟದ ಪಂಪ್‌ಸೆಟ್, ಹೆಂಡತಿಯ ಹೊಲಿಗೆ ಯಂತ್ರ, ಎಲ್ಲವೂ ನನ್ನ ಕೈಯಲ್ಲಿ ಬಿಚ್ಚಿಕೊಂಡು ಬೇರೆಯವರ ಕೈಯಲ್ಲಿ ಮತ್ತೆ ಕೂಡಿಕೊಂಡಿವೆ. ಹಾಗಾಗಿ ನನ್ನ ಮೊಬೈಲಿನ ಬ್ಯಾಟರಿ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಪ್ರಾಣ ಬಿಡತೊಡಗಿದಾಗ, ‘ನಾನು ನೋಡ್ಕೋತೀನಿ’ ಎಂದ ನನ್ನ ಮಾತಿಗೆ ಮನೆಯಲ್ಲಿ ಯಾರೂ ಸಂತೋಷಪಡಲಿಲ್ಲ.

ತಮಿಳುನಾಡಿನ ಗೂಡಲೂರಿನಲ್ಲಿ ನಮ್ಮದು ದ್ರಾಕ್ಷಿ ತೋಟ. ಊರು ದಾಟಿದರೆ ಕುಮಳಿ ಘಾಟಿ, ಘಾಟಿ ಹತ್ತಿದರೆ ಕೇರಳ. ತೋಟದ ಈ ಬದಿಯಲ್ಲಿ ನಿಂತರೆ ಮೊಬೈಲು ತಮಿಳುನಾಡಿನದು, ಆ ಬದಿಗೆ ಹೋದರೆ ‘ಕೇರಳಕ್ಕೆ ಸ್ವಾಗತ’ ಎಂಬ ಸಂದೇಶ. ಕಳ್ಳ ಸಿಕ್ಕಿದ ಎಂದುಕೊಂಡೆ. ಹೀಗೆ ದಿನಕ್ಕೆ ಇಪ್ಪತ್ತು ಸಲ ರಾಜ್ಯ ಬದಲಿಸಿದರೆ ಯಾರಿಗೆ ತಾನೇ ಸುಸ್ತಾಗುವುದಿಲ್ಲ? ಸೆಟ್ಟಿಂಗಿಗೆ ಹೋಗಿ ತಮಿಳುನಾಡಿನ ಸಿಗ್ನಲ್ಲನ್ನೇ ಹಿಡಿದಿರುವಂತೆ ಮಾಡಿದೆ. ಆ ಬದಿಯಲ್ಲಿ ಅದು ಸಿಗದೆ ಮೊಬೈಲು ಹುಡುಕೀ ಹುಡುಕೀ ಬಿಸಿಯಾಯಿತು. ಅಂಗಿಯ ಜೇಬಿನಲ್ಲಿ ಇಡ್ಲಿ ಇಟ್ಟುಕೊಂಡ ಹಾಗಿತ್ತು. ಬ್ಲೂಟೂತ್ ಆಫ್ ಮಾಡಿದೆ. ವೈಫೈ ಆರಿಸಿದೆ. ಆರಿಸಿದ ಮೇಲೂ ವೈಫೈ ಗುಟ್ಟಾಗಿ ಅಕ್ಕಪಕ್ಕ ಇಣುಕುತ್ತದೆಂದು ತಿಳಿದು ಅದನ್ನೂ ನಿಲ್ಲಿಸಿದೆ. ಬ್ಯಾಟರಿ ಮಾತ್ರ ತನ್ನ ಹೊತ್ತಿಗೆ ಸರಿಯಾಗಿ ಸಾಯುತ್ತಿತ್ತು.

ಇದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ಅದ್ಭುತ ನಡೆಯುತ್ತಿತ್ತು. ನನ್ನ ಅತ್ತೆ ರಂಗಮ್ಮನವರು ಕಣ್ಣಿನ ಪೊರೆ ತೆಗೆಸಿಕೊಂಡು ಮಗಳ ಮನೆಯಲ್ಲಿ ಇರಲೆಂದು ಬಂದಿದ್ದರು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವರು ನನ್ನೊಡನೆ ಆಡಿದ ಮಾತು ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಸುತ್ತಿತ್ತು. ಹೋರಿ ಸಾಕಿದ ಮನೆತನದವರು. ಹೆಣ್ಣು ನೋಡಲು ಹೋದ ದಿನ ಅವರ ಕೊಟ್ಟಿಗೆಯ ಹೋರಿ ಕೊರಳು ಅಲುಗಿಸಿದ್ದಕ್ಕೇ ನಾನು ತುಳಸಿಕಟ್ಟೆ ಹತ್ತಿ ನಿಂತಿದ್ದೆ. ಅದನ್ನು ಅವರು ಮರೆತಿರಲಿಲ್ಲ. ಅಂಥವರು ಈಗ ನಾನು ತೋಟಕ್ಕೆ ಹೊರಟರೆ ಸಾಕು, “ಎಲ್ಲಿಗ್ ಓತೀರಿ ಮಾಪ್ಳೆ? ಬಿಸ್ಲು ಜಾಸ್ತಿ. ಇಲ್ಲೇ ನನ್ ಪಕ್ಕ ಕೊಂಚ ಕುಂತ್ಕಳಿ” ಎಂದು ಅಳಿಯನನ್ನು ತಡೆಯುತ್ತಿದ್ದರು. ಕುಳಿತರೆ ತಿನ್ನಲು ಮುರುಕು, ಅಂದರೆ ಚಕ್ಕುಲಿ, ಬರುತ್ತಿತ್ತು. ಎದ್ದರೆ ಮುಖ ಬಾಡುತ್ತಿತ್ತು. ಹೊಸ ಕಣ್ಣಿನಲ್ಲಿ ನನ್ನ ಯೋಗ್ಯತೆ ಕೊನೆಗೂ ಕಾಣಿಸಿತೆಂದು ನಾನು ಹೆಂಡತಿ ಕಾವೇರಿಗೆ ಎರಡು ಮೂರು ಸಲ ಹೇಳಿದೆ.

ಆ ವಾರವೇ ಕಾವೇರಿ ನಮ್ಮ ನೆಂಟರ ಮದುವೆಗೆ ಸೀರೆ ತರಲು, ಸೀರೆಗೇ ಹೆಸರಾದ ಚಿನ್ನಾಳಪಟ್ಟಿಗೆ ಹೋದಳು. ಬರುವಾಗ ಪಕ್ಕದೂರು ಕಂಬಂನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಫೋನ್ ಮಾಡುತ್ತಾಳೆ, ನಾನು ಬೈಕಿನಲ್ಲಿ ಹೋಗಿ ಕರೆತರಬೇಕು ಎಂದು ಮಾತಾಗಿತ್ತು. ನಾನು ಅತ್ತೆಯ ಪಕ್ಕ ಮುರುಕು ತಿನ್ನುತ್ತಾ ಫೋನಿಗಾಗಿ ಕಾದೆ. ಸಂಜೆ ಐದಕ್ಕೆ ಆಟೋ ಬಂದು ನಿಂತಿತು. ಹನ್ನೊಂದು ಸೀರೆಗಳ ಎರಡು ಮೂಟೆಯೊಂದಿಗೆ ಕಾವೇರಿ ಇಳಿದಳು.

“ಒಂದ್ ಗಂಟೆ ನಿಂತಿದ್ದೆ. ಹದಿನಾಲ್ಕ್ ಸಲ ಫೋನ್ ಮಾಡ್ದೆ. ಸ್ವಿಚ್ ಆಫ್, ಸ್ವಿಚ್ ಆಫ್ ಅಂತ ಫೋನ್ನಾಗಿರೋ ಆ ಪೊಣ್ಣು ನಂಗೇ ಪಾಠ ಏಳ್ತಾಳೆ.”

ಜೇಬಿನಿಂದ ಮೊಬೈಲು ತೆಗೆದೆ. ಸತ್ತಿತ್ತು. “ಕೇರಳದ ಟವರು...” ಎಂದು ಆರಂಭಿಸಿದೆ. ಅವಳು ಮೂಟೆಯನ್ನು ನನ್ನ ಕಾಲಿನ ತೀರ ಹತ್ತಿರ ಇಳಿಸಿದಳು. ಮಾತು ಅಲ್ಲಿಗೆ ನಿಂತಿತು. ಮೂರು ದಿನ ಮತ್ತೆ ಆರಂಭವಾಗಲಿಲ್ಲ.

ನಾಲ್ಕನೆಯ ದಿನ ಮಾನ ಬಿಟ್ಟು ಕಂಬಂನ ರಿಪೇರಿ ಅಂಗಡಿಗೆ ಹೋದೆ. ಅಂಗಡಿ ನಡೆಸುವ ಸೆಲ್ವಿ ಮೊಬೈಲಿನ ಮೇಲೆ ಎರಡು ಸಲ ಬೆರಳಾಡಿಸಿ ನಕ್ಕುಬಿಟ್ಟಳು. “ಹಾಟ್‌ಸ್ಪಾಟ್ ಆನ್ ಇದೆಯಣ್ಣಾ,” ಎಂದು ತಮಿಳಿನಲ್ಲಿ ಹೇಳಿದಳು. “ನಿಮ್ಮ ಮೊಬೈಲು ಬೇರೆ ಯಾರಿಗೋ ನೆಟ್ ಹಂಚುತ್ತಿದೆ. ಯಾರಿಗೆ ಅಂತ ಮನೆಗೆ ಹೋಗಿ ಪರದೆಯ ಇದೇ ಜಾಗದಲ್ಲಿ ನೋಡಿ.”

ಮನೆಗೆ ಬಂದೆ. ಅತ್ತೆ ಕರೆದರು. ಪಕ್ಕದಲ್ಲಿ ಕುಳಿತೆ. ಮೊಬೈಲು ನೋಡಿದೆ. ಒಂದು ಸಾಧನ ಸೇರಿಕೊಂಡಿದೆ ಎಂದು ತೋರಿಸಿತು. ನಿಧಾನವಾಗಿ ತಲೆ ತಿರುಗಿಸಿದೆ. ಅತ್ತೆಯ ಮಡಿಲಿನಲ್ಲಿದ್ದ ಟ್ಯಾಬಿನಲ್ಲಿ ಜಲ್ಲಿಕಟ್ಟಿನ ಹೋರಿಯೊಂದು ಬಾಲ ಎತ್ತಿ ಓಡುತ್ತಿತ್ತು.

ಕೊಡೈಕಾನಲ್ಲಿನ ಹೋಟೆಲಿನಲ್ಲಿ ಕೆಲಸ ಮಾಡುವ ಮಗಳಿಗೆ ಫೋನ್ ಮಾಡಿದೆ. ಅವಳಿಗೆ ನಮ್ಮ ಮನೆಯ ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ತಮಿಳಿನಲ್ಲೇ. ಹಬ್ಬಕ್ಕೆ ಬಂದಾಗ ತನ್ನ ಹಳೆಯ ಟ್ಯಾಬನ್ನು ಅಜ್ಜಿಗೆ ಕೊಟ್ಟು, ನನ್ನ ಹಾಟ್‌ಸ್ಪಾಟ್ ಎಂದೂ ಆರದಂತೆ ಇಟ್ಟುಹೋಗಿದ್ದಳಂತೆ. ಅಜ್ಜಿಗೆ ಒಂದೇ ಪಾಠ ಹೇಳಿಕೊಟ್ಟಿದ್ದಳು: “ಅಪ್ಪ ಹತ್ತಿರ ಇದ್ದರೆ ಹೋರಿ ಓಡುತ್ತದೆ, ದೂರ ಹೋದರೆ ನಿಲ್ಲುತ್ತದೆ.” ನನಗೆ ಹೇಳಲು ಮರೆತಿದ್ದಳು. “ಟ್ಯಾಬಿಗೆ ಒಂದು ಸಿಮ್ ಹಾಕಿಸಪ್ಪಾ, ಮುಗೀತು” ಎಂದಳು.

ಸಿಟ್ಟಿನಿಂದ ಹಾಟ್‌ಸ್ಪಾಟ್ ಆರಿಸಿದೆ. ಮರುದಿನ ಸಂಜೆ ಏಳಕ್ಕೂ ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿತ್ತು. ಗೆದ್ದೆ. ಆದರೆ ಮುರುಕು ಬರಲಿಲ್ಲ. ತೋಟಕ್ಕೆ ಹೊರಟರೆ ಬಿಸಿಲಿನ ಸುದ್ದಿ ಯಾರೂ ಎತ್ತಲಿಲ್ಲ. ಅತ್ತೆ ಟ್ಯಾಬನ್ನು ಸೆರಗಿನಿಂದ ಒರೆಸಿ ಒರೆಸಿ ನೋಡುತ್ತಿದ್ದರು. ಕೊನೆಗೆ, “ಮಾಪ್ಳೆ, ಓರಿ ನಿಂತೋಯ್ತು. ನೀವು ಇಲ್ಲೇ ಇದೀರಿ, ಆದ್ರೂ ನಿಂತೋಯ್ತು. ಮೈ ಸರಿ ಇಲ್ವಾ ನಿಮ್ಗೆ?” ಎಂದು ಕೇಳಿದರು. ಇಪ್ಪತ್ತೆಂಟು ವರ್ಷದಲ್ಲಿ ಅವರು ನನ್ನ ಆರೋಗ್ಯ ವಿಚಾರಿಸಿದ್ದು ಅದೇ ಮೊದಲು.

ಸಿಮ್ ತರಲೆಂದು ಮತ್ತೆ ಕಂಬಂಗೆ ಹೋದೆ. ಹೋದದ್ದು ನಿಜ, ಅಂಗಡಿಯಲ್ಲಿ ಸಿಮ್ ಇದ್ದದ್ದೂ ನಿಜ. ಆದರೆ ನಾನು ತಂದದ್ದು ಇಟ್ಟಿಗೆಯಂಥ ಒಂದು ಪವರ್ ಬ್ಯಾಂಕ್.

“ಸಿಮ್ ಎಲ್ಲಿ?” ಎಂದಳು ಕಾವೇರಿ.

“ಸ್ಟಾಕ್ ಇಲ್ವಂತೆ.”

“ಕಂಬಂ ಊರ್ನಾಗೇ ಇಲ್ವಾ?”

“ಬರ್ತದಂತೆ.”

ಅವಳು ಪವರ್ ಬ್ಯಾಂಕನ್ನೂ ನನ್ನನ್ನೂ ಒಂದೊಂದು ಸಲ ನೋಡಿ, “ಅಮ್ಮಾ, ನಿನ್ ಮಾಪ್ಳೆ ಚಾರ್ಜ್ ಆಗ್ ಬಂದವ್ರೆ” ಎಂದು ಕೂಗಿ ಅಡುಗೆಮನೆಗೆ ಹೋದಳು. ಮುರುಕಿನ ಡಬ್ಬ ತೆರೆದ ಸದ್ದಾಯಿತು. ನಾನು ಮಾನವಂತನಂತೆ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದು, ಆಮೇಲೆ ಹಾಟ್‌ಸ್ಪಾಟ್ ಆನ್ ಮಾಡಿಕೊಂಡು ಹೋಗಿ ಕುಳಿತೆ.